ಮುದ್ದಣನ ಊರಿಗೆ ಹೋಗಿಬಂದೆ

ಮುದ್ದಣ-ಮನೋರಮೆಯರ ಸಲ್ಲಾಪವನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಪಠ್ಯದಲ್ಲಿ ಇದ್ದ ವರ್ಷ ಪಾಠವಾಗಿ, ಇಲ್ಲದ ವರ್ಷ ಯಾರಾದರೂ ಮೇಷ್ಟ್ರು ರಜೆ ಹಾಕಿದ ಪೀರಿಯಡ್ಡಿನಲ್ಲಿ ಕಥೆಯಾಗಿ. ಹೊರಗೆ ಮಳೆ ಹುಯ್ಯುತ್ತಿದ್ದರಂತೂ ಮಕ್ಕಳೇ ಕೇಳುತ್ತಿದ್ದರು, "ಟೀಚರ್, ಮನೋರಮೆ ಪಾಠ ಮಾಡಿ" ಅಂತ. ಮನೋರಮೆಯ ಮಾತಿಗೆ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ಗಂಡ ಹೆಂಡಿರ ಸರಸ ಅಂತಲೇ ತಿಳಿದುಕೊಂಡು ನಿವೃತ್ತಿಯೂ ಆಯಿತು. ಶಿವಮೊಗ್ಗದಿಂದ ಘಟ್ಟ ಇಳಿದರೆ ಸಿಗುವ ನಂದಳಿಕೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಕಳೆದ ಆಷಾಢದಲ್ಲಿ ಹೋಗಿಬಂದೆ. ಹೋಗಿದ್ದು ಊರು ನೋಡುವುದಕ್ಕೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮನೆಯ ಬೀರುವಿನಲ್ಲಿದ್ದ ಒಂದು ಪ್ಲಾಸ್ಟಿಕ್ ಫೈಲಿನಿಂದ ತಪ್ಪಿಸಿಕೊಳ್ಳುವುದಕ್ಕೆ ಹೋಗಿದ್ದೆ.

ಆ ಫೈಲಿನಲ್ಲಿ ನನ್ನ ಪದ್ಯಗಳಿವೆ. ಮೂವತ್ತು ವರ್ಷದಿಂದ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ ಗೀಚಿಕೊಂಡವು. ಅಲ್ಲೊಂದು ಇಲ್ಲೊಂದು ಪತ್ರಿಕೆಯಲ್ಲಿ ಅಚ್ಚಾಗಿದ್ದೂ ಉಂಟು, ಆದರೆ ನನ್ನ ಹೆಸರಿನಲ್ಲಲ್ಲ, ತೀರಿಹೋದ ನಮ್ಮ ಅಜ್ಜಿಯ ಹೆಸರಿನಲ್ಲಿ. ಸ್ಟಾಫ್ ರೂಮಿನಲ್ಲಿ ಯಾರಾದರೂ ಓದಿ "ಏನ್ ಮೇಡಂ, ಕವಿಯಿತ್ರಿ ಆಗ್ಬಿಟ್ರಲ್ಲ" ಅಂದುಬಿಟ್ಟರೆ ಎಂಬ ಭಯ. ನನ್ನ ಜೊತೆ ಕೆಲಸ ಮಾಡಿದ ಕಿರಿಯ ಸಹೋದ್ಯೋಗಿಯೊಬ್ಬಳು ಅವನ್ನೆಲ್ಲ ಟೈಪ್ ಮಾಡಿಸಿ, "ಗೌರಿಹಬ್ಬದೊಳಗೆ ಒಪ್ಪಿಸಿದ್ರೆ ದೀಪಾವಳಿಗೆ ಪುಸ್ತಕ ಆಗುತ್ತೆ. ಯಾವ ಹೆಸರು ಹಾಕ್ಬೇಕು ಅಷ್ಟು ಹೇಳಿ ಮೇಡಂ" ಅಂದಿದ್ದಳು. ಒಟ್ಟು 61 ಪದ್ಯಗಳಿದ್ದವು. ಯುಗಾದಿಯ ಹೊತ್ತಿಗೆ ಓದಿದಾಗ 42 ಮಾತ್ರ ಪರವಾಗಿಲ್ಲ ಅನ್ನಿಸಿತು. ಆಷಾಢ ಹಿಡಿಯುವಷ್ಟರಲ್ಲಿ 27ಕ್ಕೆ ಇಳಿದಿತ್ತು. ಪ್ರತಿ ಸಲ ಫೈಲು ತೆಗೆದಾಗಲೂ ಒಂದಾದರೂ ಉದುರುತ್ತಿತ್ತು. ಓದಿದವರ ಮೈ ಜುಂ ಎನ್ನುವಂಥ ಒಂದೇ ಒಂದು ಪದ್ಯ ಇದರಲ್ಲಿ ಇದೆಯೇ ಅಂತ ಹುಡುಕಿದರೆ ಇಲ್ಲ. ಇಲ್ಲದ ಮೇಲೆ ಯಾಕೆ ಅಚ್ಚು ಹಾಕಿಸಬೇಕು?

ಒಂದು ರಾತ್ರಿ ನಮ್ಮನೆಯವರಿಗೆ ಒಂದು ಪದ್ಯ ಓದಿ ಹೇಳಿದೆ. ಅವರು ವಿದ್ಯುತ್ ಇಲಾಖೆಯಲ್ಲಿ ಇದ್ದವರು, ಲೈನ್ ಕೆಟ್ಟಿದೆಯೋ ಸರಿಯಿದೆಯೋ ಅಷ್ಟೇ ಮಾತು. ಪೂರ್ತಿ ಕೇಳಿ, "ಚೆನ್ನಾಗಿದೆ. ಆದ್ರೆ ಕಡೆಗೆ ಆ ಹೆಂಗಸು ಮನೆಗೆ ವಾಪಸ್ ಹೋದ್ಳೋ ಇಲ್ವೋ?" ಅಂದರು. ನಾನು ಫೈಲು ಮುಚ್ಚಿ ಬೀರುವಿಗೆ ಹಾಕಿ ಬೀಗ ಜಡಿದೆ. ಮಾರನೆಯ ದಿನ ಅವರೇ, "ಕಾರ್ಕಳದಿಂದ ತಂಗಿ ಕರೀತಾನೇ ಇದ್ದಾಳೆ, ಹೋಗಿಬರೋಣ ನಡಿ" ಅಂದರು. ಕಾರ್ಕಳ ಅಂದಕೂಡಲೇ ನನಗೆ ನಂದಳಿಕೆ ನೆನಪಾಯಿತು.

ತೀರ್ಥಹಳ್ಳಿಯಲ್ಲಿ ತುಂಗೆ ಕೆಂಪಾಗಿ ಹರಿಯುತ್ತಿದ್ದಳು. ಸಾಹಿತ್ಯದ ಪ್ರವಾಸ ಅಂತ ಬಂದವರು ಇಲ್ಲಿಂದ ಕುಪ್ಪಳಿಗೆ ಹೋಗುತ್ತಾರೆ. ನಾನೂ ಮಕ್ಕಳನ್ನು ಕರೆದುಕೊಂಡು ನಾಲ್ಕಾರು ಸಲ ಹೋಗಿದ್ದೇನೆ. ಈ ಸಲ ನಮ್ಮ ಮಿನಿ ಬಸ್ಸು ಆಗುಂಬೆಯ ಕಡೆ ಹೊರಟಿತು. ಘಟ್ಟದ 14 ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲವಾದ್ದರಿಂದ ಇಲ್ಲಿ ಮಿನಿ ಬಸ್ಸುಗಳದ್ದೇ ಓಡಾಟ. ಮೇಲೆ ಮಂಜು, ಪಕ್ಕದಲ್ಲಿ ಬಂಡೆಯ ಮೇಲಿಂದ ನೀರು. ಡ್ರೈವರು ಒಂದು ಕೈಯಲ್ಲಿ ಗಾಜು ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಸ್ಟೇರಿಂಗು ತಿರುಗಿಸುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ಬೇರೆ ಏನೋ ಯೋಚನೆಗೆ ಹೋದೆ.

ಮುದ್ದಣನ ಹೆಂಡತಿ ಕಮಲಾ ನಮ್ಮ ಶಿವಮೊಗ್ಗ ಸೀಮೆಯ ಹುಡುಗಿ. ಈ ಬಸ್ಸು, ಈ ಡಾಂಬರು ಯಾವುದೂ ಇಲ್ಲದ ಕಾಲದಲ್ಲಿ ಆಕೆ ಘಟ್ಟ ಇಳಿದು ಹೋದವಳು. ಇಷ್ಟು ವರ್ಷ ಮನೋರಮೆಯ ಬಗ್ಗೆ ಪಾಠ ಮಾಡಿದ ನಾನು ಕಮಲಾಳ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲವಲ್ಲ ಅನ್ನಿಸಿತು. ಅಷ್ಟರಲ್ಲಿ ಸೋಮೇಶ್ವರ ಬಂತು. ಕಿವಿ ಗುಂಯ್ ಅನ್ನುವುದು ನಿಂತು, ಸೆಕೆ ಶುರುವಾಯಿತು.

ಕಾರ್ಕಳದಲ್ಲಿ ನಾದಿನಿಯ ಮನೆಯ ಎದುರಿಗೇ ಒಂದು ಶಾಲೆ. ಬೆಳಿಗ್ಗೆ ನೀರು ದೋಸೆ ತಿನ್ನುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಮೈದಾನವೆಲ್ಲ ಕೆಸರು. ಪಿ.ಟಿ. ಮಾಸ್ಟ್ರು ಮಕ್ಕಳನ್ನು ಜಗಲಿಯಲ್ಲೇ ಸಾಲಾಗಿ ನಿಲ್ಲಿಸಿ ಸೀಟಿ ಊದುತ್ತಿದ್ದರು. ಒಂದು, ಎರಡು, ಕೈ ಮೇಲೆ, ಕೈ ಕೆಳಗೆ. ಮಳೆಯ ಸದ್ದಿನಲ್ಲಿ ಸೀಟಿ ಸರಿಯಾಗಿ ಕೇಳದೆ ಅರ್ಧ ಮಕ್ಕಳ ಕೈ ಮೇಲೆ, ಅರ್ಧ ಮಕ್ಕಳದ್ದು ಕೆಳಗೆ. ನಮ್ಮನೆಯವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಮುದ್ದಣನೂ ಮಾಡುತ್ತಿದ್ದದ್ದು ಇದೇ ಕೆಲಸ.

ಪರೀಕ್ಷೆಯಲ್ಲಿ ಬರೆಯಲು ಮಕ್ಕಳಿಗೆ ಕವಿಪರಿಚಯ ಬಾಯಿಪಾಠ ಮಾಡಿಸಿದ್ದೆ. ನಂದಳಿಕೆ ಲಕ್ಷ್ಮೀನಾರಣಪ್ಪ, ಜನನ 1870, ಮರಣ 1901. ಬಡತನದಿಂದ ಓದು ಮುಂದುವರಿಯಲಿಲ್ಲ. ಮದರಾಸಿನಲ್ಲಿ ವ್ಯಾಯಾಮದ ತರಬೇತಿ ಪಡೆದು ಉಡುಪಿ, ಕುಂದಾಪುರಗಳಲ್ಲಿ ಶಿಕ್ಷಕ. ಕೃತಿಗಳು ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಶ್ರೀರಾಮಾಶ್ವಮೇಧ. ಯಕ್ಷಗಾನ ಪ್ರಸಂಗಗಳು ರತ್ನಾವತಿ ಕಲ್ಯಾಣ, ಕುಮಾರವಿಜಯ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗುತ್ತಿತ್ತು. ಆ ಸೀಟಿ ಕೇಳಿದಾಗಲೇ ನನಗೆ ಮೊದಲ ಸಲ ಆ ಮನುಷ್ಯ ಕಣ್ಣಿಗೆ ಕಟ್ಟಿದ್ದು. ಹಗಲೆಲ್ಲ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟು, ರಾತ್ರಿ ದೀಪದ ಮುಂದೆ ಕೂತು ಹಳಗನ್ನಡದಲ್ಲಿ ಕಾವ್ಯ ಕಟ್ಟುವ ಒಬ್ಬ ತೆಳ್ಳನೆಯ ಮೇಷ್ಟ್ರು. ಬೆಳಿಗ್ಗೆ ಶಾಲೆಗೆ ಹೋಗಿ "ನಾನೊಂದು ಕಾವ್ಯ ಬರೆದಿದ್ದೇನೆ" ಅಂತ ಹೇಳಲಿಕ್ಕೆ ಅವನಿಗೆ ಬಾಯಿ ಬರುತ್ತಿತ್ತೇ? ಸ್ಟಾಫ್ ರೂಮುಗಳು ಹೇಗಿರುತ್ತವೆ ಅಂತ ನನಗೆ ಗೊತ್ತು.

ನಂದಳಿಕೆ ಕಾರ್ಕಳ-ಪಡುಬಿದ್ರಿ ರಸ್ತೆಯಲ್ಲಿ ನಿಟ್ಟೆ ದಾಟಿ ಬೆಳ್ಮಣ್ ಕಡೆಗೆ ಹೋಗುವಾಗ ಸಿಗುತ್ತದೆ. ರಿಕ್ಷಾದವರು ವಯಸ್ಸಾದವರು. ತುಳು ಬಾರದ ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದರು. "ಜಾತ್ರೆಗೆ ಬರುವವರು ಉಂಟು, ಬೇಸಿಗೆಯಲ್ಲಿ. ಈ ಮಳೆಗೆ ಎಂತ ನೋಡ್ಲಿಕ್ಕೆ ಬಂದದ್ದು ನೀವು?" ಅಂತ ಕೇಳಿದರು.

"ಮುದ್ದಣನ ಊರು ಅಂತ ಬಂದ್ವಿ."

"ಹಾಂ, ಕವಿ ಅಲ್ವಾ? ಕುಮಾರವಿಜಯ ಪ್ರಸಂಗ ಅವರದ್ದೇ ಅಲ್ವಾ ಮಾರಾಯ್ರೆ! ನಾನು ಸಣ್ಣದಿರುವಾಗ ಇಡೀ ರಾತ್ರಿ ಕೂತು ನೋಡಿದ್ದೇನೆ." ಪುಸ್ತಕ ಓದದ ಮನುಷ್ಯ ಮುದ್ದಣನನ್ನು ಆಟದ ಮೂಲಕ ತಿಳಿದುಕೊಂಡಿದ್ದ. ನಾನು ಅವರಿಗೆ ರಾಮಾಶ್ವಮೇಧದ ಬಗ್ಗೆ ಹೇಳಿದೆ. "ಅದು ನಮಗೆ ಗೊತ್ತಿಲ್ಲ" ಅಂದರು ಸರಳವಾಗಿ.

ಊರು ಅಂದರೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಅಡಿಕೆ ತೆಂಗಿನ ತೋಟ, ಮುರಕಲ್ಲಿನ ಪಾಗಾರಗಳ ಮೇಲೆ ಹಸಿರು ಪಾಚಿ. ನಾಟಿಯ ಕೆಲಸ ನಡೆಯುತ್ತಿತ್ತು. ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ನಮ್ಮ ಹೊರತು ಹೆಚ್ಚು ಜನ ಇರಲಿಲ್ಲ. ಪ್ರದಕ್ಷಿಣೆ ಮುಗಿಸಿ ಮಾಡಿನ ಕೆಳಗೆ ಕೂತೆವು. ಹಂಚಿನಿಂದ ನೀರು ಪರದೆಯ ಹಾಗೆ ಇಳಿಯುತ್ತಿತ್ತು. ನಮ್ಮನೆಯವರು ಕೊಡೆ ಒದರುತ್ತಾ, "ಅಲ್ಲ, ಈ ಮನುಷ್ಯ ತನ್ನ ಹೆಸರು ಯಾಕೆ ಮುಚ್ಚಿಟ್ಟ?" ಅಂತ ಕೇಳಿದರು. ಬಸ್ಸಿನಲ್ಲಿ ನಾನೇ ಅವರಿಗೆ ಆ ಕಥೆ ಹೇಳಿದ್ದೆ.

ಕಥೆ ಇಷ್ಟು. ಆ ಕಾಲದಲ್ಲಿ ಹಳೆಯ ಓಲೆಗರಿಗಳನ್ನು ಹುಡುಕಿ ಹುಡುಕಿ ಅಚ್ಚು ಹಾಕಿಸುತ್ತಿದ್ದರು. ಆಗ ಇದೇ ಜಿಲ್ಲೆಗೆ ಸೇರಿದ್ದ ಮಂಗಳೂರಿನಲ್ಲಿ 1894ರಲ್ಲಿ ಕಿಟ್ಟೆಲ್ಲರ ನಿಘಂಟು ಅಚ್ಚಾಗಿತ್ತು. ಕನ್ನಡದ ಹಳೆಯ ಸಂಪತ್ತು ದೊಡ್ಡದು ಎಂಬ ಹೆಮ್ಮೆ ಆಗತಾನೇ ಹುಟ್ಟುತ್ತಿತ್ತು. ಮೈಸೂರಿನ 'ಕಾವ್ಯಮಂಜರಿ' ಪತ್ರಿಕೆ ಹಳೆಯ ಕಾವ್ಯಗಳನ್ನು ಪ್ರಕಟಿಸುತ್ತಿತ್ತು. ಮುದ್ದಣ ತಾನು ಬರೆದದ್ದನ್ನು, ಇದು ಹಿಂದಿನವರು ಬರೆದದ್ದು, ನನಗೆ ಹಳೆಯ ಪ್ರತಿ ಸಿಕ್ಕಿದೆ ಎಂದು ಹೇಳಿ ಅಲ್ಲಿಗೆ ಕಳಿಸಿದ. ಪಂಡಿತರು ನಂಬಿದರು. ನಂಬುವಷ್ಟು ಚೆನ್ನಾಗಿತ್ತು. ಅದ್ಭುತ ರಾಮಾಯಣ ಬಂತು, ವಾರ್ಧಕ ಷಟ್ಪದಿಯ ಪಟ್ಟಾಭಿಷೇಕ ಬಂತು, ಕಡೆಗೆ ಮುದ್ದಣ ಎಂಬ ಕವಿಯ ಹೆಸರಿನಲ್ಲಿ ರಾಮಾಶ್ವಮೇಧ ಬಂತು. ಅದು ಬಂದ ಕಾಲಕ್ಕೇ ಅವನಿಗೆ ಕ್ಷಯ ಹಿಡಿದಿತ್ತು. 1901ರ ಫೆಬ್ರವರಿಯಲ್ಲಿ, 31ರ ವಯಸ್ಸಿನಲ್ಲಿ ತೀರಿಕೊಂಡ. ಮುದ್ದಣ ಅಂದರೆ ಉಡುಪಿಯ ಡ್ರಿಲ್ ಮೇಷ್ಟ್ರು ಎಂದು ನಾಡಿಗೆ ತಿಳಿದದ್ದು ಆಮೇಲೆ.

"ಅವನ ಹೆಸರಲ್ಲಿ ಕಳಿಸಿದ್ರೆ ಹಾಕ್ತಿರಲಿಲ್ವೇನೋ" ಅಂದೆ. "ಡ್ರಿಲ್ ಮೇಷ್ಟ್ರು ಬರೆದ ಹಳಗನ್ನಡವನ್ನ ಯಾರು ಓದ್ತಾರೆ?"

"ಅದು ಪತ್ರಿಕೆಯವರ ಮಾತಾಯ್ತು. ಮೊದಲನೆಯದನ್ನ ಅವರು ಮೆಚ್ಚಿ ಹಾಕಿದ್ರಲ್ಲ. ಎರಡನೇ ಸಲವಾದ್ರೂ ನಾನೇ ಬರೆದದ್ದು ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅಂದ್ರೆ ಅನುಮಾನ ಅವರಿಗಲ್ಲ, ಇವನಿಗೇ ಇತ್ತು."

ಲೈನ್ ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಅವರ ಹಳೆಯ ಅಭ್ಯಾಸ. ನಾನು ಮಾತಾಡಲಿಲ್ಲ. ಮೆಚ್ಚುಗೆ ಬಂದರೂ ಅದು ನಮಗಲ್ಲ, ಇನ್ಯಾರಿಗೋ ಎಂದುಕೊಳ್ಳುವ ಮನಸ್ಸು ನನಗೆ ಹೊಸದಲ್ಲ. ಅಜ್ಜಿಯ ಹೆಸರಿನಲ್ಲಿ ಬಂದ ಪದ್ಯವನ್ನು ಯಾರಾದರೂ ಹೊಗಳಿದರೆ, ಹೌದಾ, ಯಾರಂತೆ ಬರೆದದ್ದು ಎಂದು ಕೇಳುವವಳು ನಾನು. ತೆಗಳಿದರೂ ತಗಲುವುದಿಲ್ಲ, ಹೊಗಳಿದರೂ ತಗಲುವುದಿಲ್ಲ. ಇಷ್ಟು ದಿನ ಅದನ್ನೇ ಕ್ಷೇಮ ಎಂದುಕೊಂಡಿದ್ದೆ.

ಅಲ್ಲಿ ಕೂತೇ ಸಲ್ಲಾಪವನ್ನು ಮನಸ್ಸಿನಲ್ಲಿ ಮೊದಲಿನಿಂದ ಹೇಳಿಕೊಳ್ಳತೊಡಗಿದೆ. ಅದೂ ಮಳೆಗಾಲದಲ್ಲೇ ಶುರುವಾಗುವುದು. ಅರಮನೆಯಿಂದ ಮನೆಗೆ ಬಂದ ಕವಿಯನ್ನು ಮನೋರಮೆ ಉಪಚರಿಸಿ, ಮಳೆಯಲ್ಲಿ ಹೊತ್ತು ಹೋಗುವುದಿಲ್ಲ, ಒಂದು ಕಥೆ ಹೇಳು ಎನ್ನುತ್ತಾಳೆ. ಆಮೇಲೆ ಸುಮ್ಮನೆ ಕೇಳುತ್ತಾಳೆಯೇ? ಆ ಕಥೆ ಬೇಡ, ಇದು ಬೇಡ ಎನ್ನುತ್ತಾಳೆ. ಪದ್ಯದಲ್ಲಿ ಹೇಳಲೇ ಎಂದರೆ ಗದ್ಯವೇ ಆಗಲಿ ಎನ್ನುತ್ತಾಳೆ. ಅವನು ಸಂಸ್ಕೃತ ತುಂಬಿ ಗಂಭೀರವಾಗಿ ಆರಂಭಿಸಿದರೆ, ನಿಲ್ಲಿಸಿ, ಇದು ಯಾರಿಗೆ ಅರ್ಥವಾಗಬೇಕು ಎಂದು ಹಾಸ್ಯ ಮಾಡುತ್ತಾಳೆ. ಕಥೆಯ ನಡುವೆಯೂ ಬಾಯಿ ಹಾಕುತ್ತಾಳೆ.

ಈ ಪ್ರಶ್ನೆಗಳೆಲ್ಲ ಮೊದಲು ಯಾರದ್ದಾಗಿದ್ದಿರಬೇಕು? ಹೇಳಿದ ಕಥೆಯನ್ನೇ ಯಾಕೆ ಹೇಳಬೇಕು? ಈ ಕಾಲದಲ್ಲಿ ಪದ್ಯ ಯಾರಿಗೆ ಬೇಕು? ಈ ಭಾಷೆ ಯಾರಿಗೆ ತಿಳಿಯುತ್ತದೆ? ಪದ್ಯದಲ್ಲಿ ಪಳಗಿದವನು ಗದ್ಯಕ್ಕೆ ಇಳಿಯುವ ಹೊತ್ತಿಗೆ, ರಾತ್ರಿ ದೀಪದ ಮುಂದೆ ಕೂತ ಮೇಷ್ಟ್ರ ತಲೆಯೊಳಗೇ ಇವು ಎದ್ದಿರಬೇಕು. ಇವು ಅವನ ಅನುಮಾನಗಳೇ ಎಂದು ನನಗೆ ಅನ್ನಿಸಿದ್ದು ಆ ಮಾಡಿನ ಕೆಳಗೆ. ಅನುಮಾನವನ್ನು ಅವನು ಓಡಿಸಲಿಲ್ಲ. ಅದಕ್ಕೊಂದು ಹೆಸರು ಕೊಟ್ಟ, ಸೀರೆ ಉಡಿಸಿದ, ಮನೆಯೊಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ, ಕೇಳು ಎಂದ. ಹೊರಗಿನ ಪಂಡಿತ ಕೇಳಿದ್ದರೆ ಬಾಯಿ ಕಟ್ಟುತ್ತಿದ್ದ ಪ್ರಶ್ನೆಯನ್ನು ಪ್ರೀತಿಯ ಹೆಂಡತಿ ಕೇಳಿದಾಗ ನಗುತ್ತಾ ಉತ್ತರ ಹೇಳಬಹುದು. ನೂರು ವರ್ಷ ಕಳೆದ ಮೇಲೂ ಜನ ನೆನಪಿಟ್ಟುಕೊಂಡಿರುವುದು ರಾಮನ ಯಜ್ಞದ ಕುದುರೆಯನ್ನಲ್ಲ, ಈ ತಂಟೆಮಾರಿ ಪ್ರಶ್ನೆಗಳನ್ನು. ಅವನ ಬರವಣಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಭಾಗ ಅವನ ಅಳುಕಿನಿಂದಲೇ ಬಂದದ್ದು. ಅದನ್ನು ಇಷ್ಟು ವರ್ಷ ಪಾಠ ಮಾಡಿಯೂ ನಾನು ಬರೀ ಸರಸ ಎಂದುಕೊಂಡಿದ್ದೆ!

ಇನ್ನೊಂದು ಮಾತು ಹೊಳೆಯಿತು. ಮುದ್ದಣ ಎನ್ನುವುದು ಹಳೆಯ ಕವಿಯ ಹೆಸರು ಅಂತ ನಾಡು ನಂಬಿತ್ತಲ್ಲ, ಅದು ಚಿಕ್ಕಂದಿನಲ್ಲಿ ಮನೆಯವರು ಅವನನ್ನು ಮುದ್ದಿನಿಂದ ಕರೆಯುತ್ತಿದ್ದ ಹೆಸರು. ಅಡಗಿಕೊಳ್ಳಲು ಹೊರಟವನು ತನ್ನ ತೀರಾ ಒಳಗಿನ ಹೆಸರನ್ನೇ ಬರೆದುಬಿಟ್ಟಿದ್ದ. ಎಲ್ಲೋ ಒಂದು ಕಡೆ ಸಿಕ್ಕಿಬೀಳುವ ಆಸೆಯೂ ಇತ್ತೇನೋ.

ಹೊರಡುವಾಗ ರಿಕ್ಷಾದವರು ಸಿರಿ ಜಾತ್ರೆಯ ಬಗ್ಗೆ ಹೇಳಿದರು. ಬೇಸಿಗೆಯ ಹುಣ್ಣಿಮೆಯ ರಾತ್ರಿ ಇದೇ ಅಂಗಳ ಜನರಿಂದ ತುಂಬಿರುತ್ತದಂತೆ. ಸಿರಿ ತುಳುನಾಡಿನ ಹೆಣ್ಣುಮಕ್ಕಳ ದೈವ. ಗಂಡನ ಅನ್ಯಾಯವನ್ನು ಸಹಿಸದೆ ಮನೆ ಬಿಟ್ಟು ಹೊರಟವಳು. ಅವಳ ಕಥೆಯ ಪಾಡ್ದನ ಸಾವಿರಾರು ಸಾಲಿನದು. ಆ ರಾತ್ರಿ ಹೆಂಗಸರ ಮೇಲೆ ಸಿರಿಯ ಆವೇಶ ಬರುತ್ತದೆ, ಮಾತಾಡುತ್ತಾರೆ, ಹಾಡುತ್ತಾರೆ, ಅಳುತ್ತಾರೆ. "ಮನೆಯಲ್ಲಿ ಒಂದು ಮಾತು ಆಡದವರು ಕೂಡ ಮಾತಾಡ್ತಾರೆ ಅಮ್ಮ. ಸಿರಿ ಅಲ್ವಾ ಮಾತಾಡುವುದು" ಅಂದರು. ಬೇರೆಯವರ ಹೆಸರಿನಲ್ಲಿ ತನ್ನ ಮಾತು ಆಡುವುದು ಈ ಮಣ್ಣಿಗೆ ಹೊಸದಲ್ಲ ಎಂದುಕೊಂಡೆ. ಅದನ್ನು ಹೇಡಿತನ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಬೆಳಗಾದ ಮೇಲೆ ಆ ಹೆಂಗಸರು ತಮ್ಮ ತಮ್ಮ ಹೆಸರಿಗೆ ತಿರುಗಿ ಬರುತ್ತಾರೆ. ಮುದ್ದಣನಿಗೆ ಆ ಬೆಳಗು ಸಿಗಲಿಲ್ಲ. ಅವನನ್ನು ಹೊಸಗನ್ನಡದ ಮುಂಗೋಳಿ ಎನ್ನುತ್ತಾರೆ. ಮುಂಗೋಳಿ ಕೂಗುವಾಗ ಇನ್ನೂ ಕತ್ತಲೆ ಇರುತ್ತದೆ, ಎದ್ದವರು ಯಾರೂ ಇರುವುದಿಲ್ಲ. ನೀನು ಬರೆದದ್ದು ಚೆನ್ನಾಗಿದೆ ಲಕ್ಷ್ಮೀನಾರಣಪ್ಪ ಎಂದು ನಾಡು ಹೇಳುವ ಹೊತ್ತಿಗೆ ಕೇಳಲು ಅವನು ಇರಲಿಲ್ಲ. ನಮ್ಮ ಸೀಮೆಯ ಕಮಲಾ ಕೇಳಿದಳೋ ಏನೋ.

ಮಾರನೆಯ ದಿನ ಘಟ್ಟ ಹತ್ತುವಾಗ ಮಳೆ ಬಿಟ್ಟಿತ್ತು. ನಮ್ಮನೆಯವರು ಕಿಟಕಿಯ ಪಕ್ಕ ಕೂತು ಇದ್ದಕ್ಕಿದ್ದ ಹಾಗೆ, "ಅವತ್ತಿನ ಪದ್ಯದಲ್ಲಿ ಆ ಹೆಂಗಸು ವಾಪಸ್ ಹೋದ್ಳೋ ಇಲ್ವೋ, ನೀನು ಹೇಳಲೇ ಇಲ್ಲ" ಅಂದರು. ಈ ಸಲ ಸಿಟ್ಟು ಬರಲಿಲ್ಲ. ನಮ್ಮ ಮನೆಯ ಮನೋರಮೆ ಯಾರು ಅಂತ ಗೊತ್ತಾಯಿತು! ಪಂಚೆ ಉಟ್ಟಿದೆ, ಮೀಸೆ ಇದೆ, ಅಷ್ಟೇ ವ್ಯತ್ಯಾಸ.

"ನನಗೂ ಗೊತ್ತಿಲ್ಲ ಕಣ್ರೀ" ಅಂದೆ.

"ಗೊತ್ತಿಲ್ಲ ಅಂತಾನೇ ಬರಿ. ಗೊತ್ತಿರೋ ಹಾಗೆ ಮುಗಿಸಿದೀಯ, ಅದಕ್ಕೇ ಕೇಳಿದ್ದು."

ತಿರುವಿನಿಂದ ತಿರುವಿಗೆ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಮನೆಗೆ ಬಂದು ಫೈಲು ತೆಗೆದೆ. ಆ ಪದ್ಯದ ಕಡೆಯ ನಾಲ್ಕು ಸಾಲು ಹೊಡೆದುಹಾಕಿದೆ. ಹಿಂದೆ ತೆಗೆದುಹಾಕಿದ್ದ ಹಾಳೆಗಳನ್ನೂ ಹರಡಿಕೊಂಡು ಕೂತೆ. ಅವುಗಳಲ್ಲಿ ಏಳನ್ನು ಮತ್ತೆ ಸೇರಿಸಿದೆ. ಅವು ಕೆಟ್ಟದಾಗಿದ್ದವು ಅಂತ ತೆಗೆದದ್ದಲ್ಲ, ಯಾರಾದರೂ ಪ್ರಶ್ನೆ ಕೇಳಿಯಾರು ಅಂತ ತೆಗೆದದ್ದು. ಈಗ 34 ಆಗಿವೆ. ಓದಿದವರ ಮೈ ಜುಂ ಎನ್ನುವಂಥದ್ದು ಇವುಗಳಲ್ಲಿ ಇದೆಯೇ ಅಂತ ಕೇಳಿದರೆ ಇವತ್ತಿಗೂ ಇದೆ ಅಂತ ಹೇಳಲಾರೆ. ಅದನ್ನು ಹೇಳಬೇಕಾದವಳು ನಾನಲ್ಲ ಅಂತ ಮಾತ್ರ ತಿಳಿಯಿತು. ಕಾಗದದ ಮೇಲೆ ಬಂದಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಹೇಳುವವರಿಗೂ ದಾರಿಯಿಲ್ಲ.

ಗೌರಿಹಬ್ಬಕ್ಕೆ ನಾಲ್ಕು ದಿನ ಇರುವಾಗ ಸಹೋದ್ಯೋಗಿಗೆ ಫೋನು ಮಾಡಿದೆ. "ಹೆಸರು ಯಾವುದು ಹಾಕ್ಲಿ ಮೇಡಂ?" ಅಂತ ಅವಳು ಕೇಳಿದಾಗ ಒಂದು ಕ್ಷಣ ಅಜ್ಜಿಯ ಹೆಸರು ನಾಲಿಗೆಯ ತುದಿಗೆ ಬಂತು. ಅಡುಗೆಮನೆಯ ಬಾಗಿಲಲ್ಲಿ ನಮ್ಮನೆಯವರು ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದರು.

ನನ್ನ ಹೆಸರನ್ನೇ ಹೇಳಿದೆ. ಅಪ್ಪನ ಊರು, ಇನಿಷಿಯಲ್ಲು ಎಲ್ಲ ಸೇರಿಸಿ ಪೂರ್ತಿ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಂದು ಸಲ ಹೇಳಿದೆ, ಸ್ವಲ್ಪ ಜೋರಾಗಿ.